ಕಲಿಸಲು ಬಂದು ಕಲಿತವರು

ಸಂಡೂರಿನ ಬೆಟ್ಟಸಾಲಿನಲ್ಲಿ, ಮೂರು ಸಾವಿರ ಅಡಿಗೂ ಮಿಕ್ಕ ಎತ್ತರದಲ್ಲಿ, ರಾಮನದುರ್ಗವೆಂಬ ಸ್ಥಳವಿದೆ. ಬಳ್ಳಾರಿಯ ದಂಡಿನಲ್ಲಿದ್ದ ಬಿಳಿಯ ಸೈನಿಕರಿಗಾಗಿ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಲ್ಲೊಂದು ಆರೋಗ್ಯಧಾಮ ಏರ್ಪಟ್ಟಿತು. ಸಂಡೂರು ಆಗ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. ಸುತ್ತಲೂ ಇದ್ದುದು ಕಂಪೆನಿ ಸರಕಾರದ ಬಳ್ಳಾರಿ ಜಿಲ್ಲೆ. ಬೇಸಗೆಯಲ್ಲಿ ಬಳ್ಳಾರಿಯ ಬಂಡೆಗಳು ಕಾದು ಕೆಂಡವಾದಾಗ ಐರೋಪ್ಯರು ಈ ಬೆಟ್ಟದ ತಂಪನ್ನು ಅರಸಿ ಬರುತ್ತಿದ್ದರು. ಬಿಸಿಲಿನಿಂದ ತಪ್ಪಿಸಿಕೊಳ್ಳುವುದಕ್ಕೆ ಹೀಗೊಂದು ದಾರಿಯಿತ್ತು. ಆದರೆ ಆ ಪರದೇಶೀಯರಲ್ಲಿ ಒಂದು ವರ್ಗದವರಿಗೆ ಇನ್ನೊಂದು ಕಷ್ಟವಿತ್ತು. ಅದರಿಂದ ಪಾರಾಗಲು ಯಾವ ಬೆಟ್ಟವೂ ಇರಲಿಲ್ಲ. ಅವರು ಪಾಠ ಹೇಳಲು ಬಂದವರು. ಎದುರಿಗೆ ಕುಳಿತ ಹುಡುಗರ ಮಾತೇ ಅವರಿಗೆ ತಿಳಿಯದು!

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರು ಬಳ್ಳಾರಿಗೆ ಬಂದುದು 1810ರಲ್ಲಿ. ಧರ್ಮಪ್ರಚಾರ ಅವರ ಉದ್ದೇಶ. ಶಾಲೆ ಅದರ ಸಾಧನ. ಇಂದು ಯಾವ ಭಾಷೆಯನ್ನು ಕಲಿಯಬೇಕೆಂದರೂ ಅಂಗಡಿಯಲ್ಲಿ ಪುಸ್ತಕ ದೊರೆಯುತ್ತದೆ. ಹ್ಯಾಂಡ್ಸ್ ಅವರಿಗೆ ಆ ಸೌಕರ್ಯವಿರಲಿಲ್ಲ. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ಶ್ರೀರಾಮಪುರದಲ್ಲಿ ಅಚ್ಚಾದುದು 1817ರಲ್ಲಿ. ಅದಕ್ಕೆ ಮುಂಚೆ ಇಂಗ್ಲಿಷ್ ಬಲ್ಲವನು ಕನ್ನಡ ಕಲಿಯಬೇಕಾದರೆ ಊರಿನವರ ಬಾಯಿಂದಲೇ ಕಲಿಯಬೇಕು. ಗುರುವಾಗಲು ಬಂದವನು ಮೊದಲು ಶಿಷ್ಯನಾಗಬೇಕು.

ಈ ಶಿಷ್ಯವೃತ್ತಿ ಸುಲಭವಾದುದಲ್ಲ. ಇಂಗ್ಲಿಷರ ನಾಲಗೆಗೆ ‘ಲ’ಕಾರವೊಂದೇ ಗೊತ್ತು, ನಮ್ಮ ‘ಳ’ಕಾರ ಅದಕ್ಕೆ ಒಗ್ಗದು. ಹಳ್ಳಿಗೆ ಹೋಗಿದ್ದೆನೆಂದು ಹೇಳಹೊರಟವನು ಹಲ್ಲಿಯ ಬಳಿಗೆ ಹೋಗಿಬಂದಂತಾಗುತ್ತದೆ! ಅವರ ಭಾಷೆಯಲ್ಲಿ ಎದುರಿಗಿರುವವರಿಗೆಲ್ಲ ಒಂದೇ ಸರ್ವನಾಮ. ನಮ್ಮಲ್ಲಿ ‘ನೀನು’ ಬೇರೆ, ‘ನೀವು’ ಬೇರೆ. ಹುಡುಗನ ಅಜ್ಜನನ್ನು ‘ನೀನು ಬಾ’ ಎಂದು ಕರೆದ ಉಪಾಧ್ಯಾಯ ಎಷ್ಟೇ ಸಜ್ಜನನಾದರೂ ಆ ಮನೆಯಲ್ಲಿ ಒರಟನೆನಿಸಿಕೊಳ್ಳುತ್ತಾನೆ. ವ್ಯಾಕರಣದ ತಪ್ಪನ್ನು ಜನ ನಕ್ಕು ಮರೆಯುತ್ತಾರೆ. ಮರ್ಯಾದೆಯ ತಪ್ಪನ್ನು ಅಷ್ಟು ಬೇಗ ಮರೆಯುವುದಿಲ್ಲ.

ಹ್ಯಾಂಡ್ಸ್ ಅವರು ಬಹುವರ್ಷ ದುಡಿದು ಬೈಬಲ್ಲನ್ನು ಕನ್ನಡಕ್ಕೆ ತಂದರು. ಅವರ ಜೊತೆಗಾರ ವಿಲಿಯಂ ರೀವ್ ಅವರು 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ, 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದರು. ಬಳ್ಳಾರಿ ಸೀಮೆಯ ಜನರೊಡನೆ ಬದುಕಿ ಕಲಿತುದೇ ಆ ಪುಟಗಳಿಗೆ ತಳಹದಿ. ತಮ್ಮ ಭಾಷೆಯನ್ನು ಹಂಚಲು ಬಂದವರು ನಮ್ಮ ಭಾಷೆಯ ಶಬ್ದಗಳನ್ನು ಕೂಡಿಡುವ ಕೆಲಸಕ್ಕೆ ಕುಳಿತುದು ಇತಿಹಾಸದ ಒಂದು ವಿನೋದ. 1846ರಲ್ಲಿ ಅದೇ ಮಿಷನ್ನಿನ ವಾರ್ಡ್ಲಾ ಅವರು ಬಳ್ಳಾರಿಯಲ್ಲಿ ಆಂಗ್ಲ ಶಾಲೆಯೊಂದನ್ನು ತೆರೆದರು. ಅವರ ಹೆಸರನ್ನು ಹೊತ್ತ ವಿದ್ಯಾಸಂಸ್ಥೆ ಅಲ್ಲಿ ಇಂದಿಗೂ ಉಂಟು.

ಆದರೆ ಈ ಕಥೆಯೆಲ್ಲ ನಗೆಯ ಮಾತಲ್ಲ. ಮಗನನ್ನು ಪಾದ್ರಿಗಳ ಶಾಲೆಗೆ ಕಳುಹಿಸುವ ತಾಯಿತಂದೆಗಳ ಎದೆಯಲ್ಲಿ ಒಂದು ಅಳುಕಿತ್ತು. ಇಂಗ್ಲಿಷ್ ಬಂದರೆ ಹುಡುಗನಿಗೆ ಉದ್ಯೋಗ. ಆದರೆ ಹುಡುಗನೇ ಕೈಬಿಟ್ಟುಹೋದರೆ? ಆ ಅಳುಕು ನಿಜವಾದುದನ್ನು ಕಾಣಬೇಕಾದರೆ ಬಳ್ಳಾರಿಯಿಂದ ಕರಾವಳಿಯ ಮಂಗಳೂರಿಗೆ ಹೋಗಬೇಕು. ಅಲ್ಲಿ ಬಾಸೆಲ್ ಮಿಷನ್ನಿನ ಹೆರ್ಮನ್ ಮ್ಯೋಗ್ಲಿಂಗ್ ಅವರು ಪಾಠ ಹೇಳುತ್ತಿದ್ದರು. 1836ರಲ್ಲಿ ಭಾರತಕ್ಕೆ ಬಂದ ಈ ಜರ್ಮನ್ ಪಂಡಿತರು ಬಂಗಲೆಯ ಬಾಳನ್ನು ತೊರೆದು ವಿದ್ಯಾರ್ಥಿಗಳ ನಡುವೆಯೇ ಇದ್ದು, ಅವರಂತೆಯೇ ಉಣ್ಣುತ್ತ, ಅವರ ಮಾತನ್ನೇ ಆಡುತ್ತ ಕಾಲ ಕಳೆದರು. ಹುಡುಗರಿಗೆ ಅವರಲ್ಲಿ ಪ್ರೀತಿ ಹುಟ್ಟಿತು. ಆ ಪ್ರೀತಿಯೇ ಒಂದು ಮನೆಯ ಕಣ್ಣೀರಿಗೂ ಕಾರಣವಾಯಿತು. 1844ರಲ್ಲಿ ಅವರ ಶಿಷ್ಯ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ ಕ್ರೈಸ್ತಧರ್ಮವನ್ನು ಸ್ವೀಕರಿಸಿದನು. ಊರೆಲ್ಲ ಕಲಕಿಹೋಯಿತು. ಶಿಷ್ಯನು ತನ್ನ ನಂಬಿಕೆಯನ್ನು ತಾನೇ ಆರಿಸಿಕೊಂಡೆನೆಂದನು. ಹೆತ್ತವರ ಪಾಲಿಗೆ ಮಗ ಬದುಕಿದ್ದೂ ಇಲ್ಲವಾದನು. ಇದರಲ್ಲಿ ಯಾರ ನೋವು ಸುಳ್ಳು? ಗುರುವಿನ ಸಲುಗೆ ಎಷ್ಟು ದೊಡ್ಡದೋ ಅವನ ಹೊಣೆಯೂ ಅಷ್ಟೇ ದೊಡ್ಡದೆಂಬುದನ್ನು ಈ ಪ್ರಸಂಗ ಕಲಿಸುತ್ತದೆ.

ಅದೇ ಮ್ಯೋಗ್ಲಿಂಗ್ ಅವರೇ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರೆಂಬುದನ್ನೂ, ಮುಂದೆ ದಾಸರ ಪದಗಳನ್ನು ಕಲೆಹಾಕಿ ಅಚ್ಚುಹಾಕಿಸಿದರೆಂಬುದನ್ನೂ ಮರೆಯುವಂತಿಲ್ಲ. ಹಂಪೆಯ ತುಂಗಭದ್ರೆಯ ದಡದಲ್ಲಿ ಪುರಂದರದಾಸರ ಹೆಸರಿನ ಮಂಟಪವನ್ನು ನೋಡಿ ಬರುವವರು, ಆ ಪರಂಪರೆಯ ಪದಗಳು ಅಚ್ಚಿನ ಮನೆಯನ್ನು ಹೊಕ್ಕ ಈ ಬಗೆಯನ್ನೂ ನೆನೆಯಬಹುದು.

ವಿದೇಶೀ ಗುರುವಿನ ಈ ಬಾಳು ನಮ್ಮ ನಾಡಿಗೆ ಮಾತ್ರ ಸೇರಿದುದಲ್ಲ. ಚೀನಾದ ಕಾಲೇಜುಗಳಲ್ಲಿ ಇಂಗ್ಲಿಷ್ ಕಲಿಸಲು ಹೋದವರೂ ಇದನ್ನೇ ಕಂಡರು. ಅಲ್ಲಿ ‘ಮಾ’ ಎಂಬ ಒಂದೇ ಶಬ್ದ ಸ್ವರ ಬದಲಾದರೆ ತಾಯಿಯೂ ಆಗುತ್ತದೆ, ಕುದುರೆಯೂ ಆಗುತ್ತದೆ. ತರಗತಿಯಲ್ಲಿ ಗುರುವಿಗೆ ಎದುರು ಮಾತನಾಡುವುದು ಅವಿನಯವೆಂಬ ಭಾವನೆ ಅಲ್ಲಿಯೂ ಬಲವಾದುದು. ಮೌನವನ್ನು ದಡ್ಡತನವೆಂದು ತಿಳಿದ ಗುರು ಮೋಸಹೋಗುತ್ತಾನೆ. 1937ರಲ್ಲಿ ಜಪಾನಿನ ದಾಳಿಗೆ ಸಿಕ್ಕಿ ಉತ್ತರದ ವಿಶ್ವವಿದ್ಯಾಲಯಗಳು ದಕ್ಷಿಣಕ್ಕೆ ವಲಸೆ ಹೋದಾಗ, ಆಂಗ್ಲ ಕವಿ ವಿಲಿಯಂ ಎಂಪ್ಸನ್ ಅವರು ಆ ವಿದ್ಯಾರ್ಥಿಗಳ ಜೊತೆಗೇ ಇದ್ದರು. ಪುಸ್ತಕಗಳು ಹಿಂದೆಯೇ ಉಳಿದಿದ್ದವು. ಅವರು ಕವಿತೆಗಳನ್ನು ನೆನಪಿನಿಂದಲೇ ಬರೆದುಕೊಟ್ಟು ಪಾಠ ಹೇಳಿದರು. ಬಾಯಿಪಾಠವನ್ನು ವಿದ್ಯೆಯೆಂದು ಗೌರವಿಸುವ ನಾಡಿನಲ್ಲಿ ಅಂಥ ಗುರುವಿಗೆ ಬೇರೆ ಪರಿಚಯಪತ್ರ ಬೇಕಿರಲಿಲ್ಲ.

ಇಂಗ್ಲಿಷಿನವರ ಶಿಷ್ಯರಾದ ನಮ್ಮ ತರುಣರ ವಿಷಯಕ್ಕೆ ಮರಳಿದರೆ, ಮೈಸೂರಿನಲ್ಲಿ ನಡೆದ ಒಂದು ಭೇಟಿ ಎದ್ದು ಕಾಣುತ್ತದೆ. 1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಅವರು ಅಲ್ಲಿಗೆ ಬಂದಿದ್ದರು. ಮದನಪಲ್ಲಿಯ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಅವರಿಗೆ ಭಾರತೀಯ ವಿದ್ಯಾರ್ಥಿಗಳು ಹೊಸಬರಲ್ಲ. ಹತ್ತೊಂಬತ್ತು ವರ್ಷದ ತರುಣನೊಬ್ಬ ತಾನು ರಚಿಸಿದ ಇಂಗ್ಲಿಷ್ ಕವನಗಳನ್ನು ಅವರ ಮುಂದಿಟ್ಟನು. ಹೊಗಳಿಕೆಯ ನಿರೀಕ್ಷೆಯಲ್ಲಿದ್ದ ಅವನಿಗೆ ದೊರೆತುದು ಬೇರೆ ಮಾತು: ಮಾತೃಭಾಷೆಯಲ್ಲಿ ಏನು ಬರೆದಿರುವೆ? ಅದರಲ್ಲಿ ಬರೆ ಎಂಬ ಬುದ್ಧಿವಾದ. ತರುಣನಿಗೆ ಅಸಮಾಧಾನವಾಯಿತು. ಆದರೂ ಮಾತು ಮನಸ್ಸಿನಲ್ಲಿ ಉಳಿಯಿತು. ಕನ್ನಡದ ಪದ್ಯ ಹುಟ್ಟಿತು. ಆ ತರುಣನೇ ಕುವೆಂಪು. ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯಕ್ಕೆ 1967ರ ಜ್ಞಾನಪೀಠ ಪ್ರಶಸ್ತಿ ಸಂದುದು ಎಲ್ಲರಿಗೂ ತಿಳಿದ ಸಂಗತಿ. ಇಂಗ್ಲಿಷಿನ ಭಾರದಡಿ ತನ್ನ ನಾಡಿನ ನುಡಿ ಬಡವಾದುದನ್ನು ಐರಿಷ್ ಕವಿ ಬಲ್ಲವರಾಗಿದ್ದರು. ಆದುದರಿಂದಲೇ ಅವರ ಮಾತಿಗೆ ಆ ತೂಕ.

ಇಂದು ಗಾಳಿ ತಿರುಗಿ ಬೀಸುತ್ತಿದೆ. ಕನ್ನಡದ ಮನೆಗಳಿಂದಲೇ ಹುಡುಗರೂ ಹುಡುಗಿಯರೂ ಹೊರದೇಶಗಳ ಕಾಲೇಜುಗಳಿಗೆ ಪಾಠ ಹೇಳಲು ಹೋಗುತ್ತಿದ್ದಾರೆ. ಅವರನ್ನು ಬೀಳ್ಕೊಡುವ ತಾಯಂದಿರು ಉಪ್ಪಿನಕಾಯಿ, ಚಟ್ನಿಪುಡಿಗಳನ್ನು ಕಟ್ಟಿಕೊಡುವುದು ಸಹಜವೇ. ಅದರೊಡನೆ ಒಂದು ಕಿವಿಮಾತನ್ನೂ ಕಟ್ಟಿಕೊಡಬಹುದು: ಅಲ್ಲಿಯ ಮಕ್ಕಳ ಹೆಸರನ್ನು ಸರಿಯಾಗಿ ಉಚ್ಚರಿಸುವುದನ್ನು ಮೊದಲು ಕಲಿ, ಪಾಠ ಆಮೇಲೆ.

ರಾಮನದುರ್ಗದ ತಂಪನ್ನು ಅರಸಿ ಬಂದ ದೊರೆಗಳ ಕಾಲ ಎಂದೋ ಮುಗಿಯಿತು. ಕನ್ನಡಿಗರ ಬಾಯಿಂದ ಒಂದೊಂದೇ ಶಬ್ದವನ್ನು ಹೆಕ್ಕಿ ಬರೆದಿಟ್ಟವರ ನಿಘಂಟುಗಳು ಮಾತ್ರ ಗ್ರಂಥಾಲಯದ ಕಪಾಟುಗಳಲ್ಲಿ ಉಳಿದಿವೆ.