ಕೇಳುಗರಿಲ್ಲದ ಸಂಗೀತ ಸಭೆ

2012ರ ಏಪ್ರಿಲ್ 6. ಬೋಸ್ನಿಯಾದ ರಾಜಧಾನಿ ಸರಾಯೆವೊದ ಮುಖ್ಯ ಬೀದಿಯುದ್ದಕ್ಕೂ 11,541 ಕೆಂಪು ಕುರ್ಚಿಗಳನ್ನು ಸಾಲಾಗಿ ಇಡಲಾಗಿತ್ತು. ವೇದಿಕೆಯಲ್ಲಿ ಗಾಯಕರು ಹಾಡಿದರು, ವಾದ್ಯದವರು ನುಡಿಸಿದರು. ಆದರೆ ಒಂದು ಕುರ್ಚಿಯಲ್ಲೂ ಯಾರೂ ಕೂತಿರಲಿಲ್ಲ. ಅವೆಲ್ಲ ಸತ್ತವರ ಕುರ್ಚಿಗಳು.

ಯುಗೋಸ್ಲಾವಿಯಾ ಒಡೆದಾಗ, 1992ರಲ್ಲಿ ಬೋಸ್ನಿಯಾದ ಸೆರ್ಬ್ ಪಡೆಗಳು ಈ ನಗರಕ್ಕೆ ಮುತ್ತಿಗೆ ಹಾಕಿದವು. ಅದು ಮುಗಿದದ್ದು 1996ರಲ್ಲಿ. ರೊಟ್ಟಿಗಾಗಿ, ನೀರಿಗಾಗಿ ಸಾಲಿನಲ್ಲಿ ನಿಂತವರೂ ಶೆಲ್ ದಾಳಿಗೆ ಬಲಿಯಾದರು. ಮುಸ್ಲಿಮರು ಮಾತ್ರವಲ್ಲ, ನಗರ ಬಿಡದೆ ಉಳಿದ ಸೆರ್ಬರು, ಕ್ರೊವೇಟರು ಕೂಡಾ.

ಆದರೂ ನಾಟಕ ನಿಲ್ಲಲಿಲ್ಲ. 1993ರಲ್ಲಿ ಅಮೆರಿಕದ ಲೇಖಕಿ ಸೂಸನ್ ಸಾಂಟಗ್ ಅಲ್ಲಿಗೆ ಹೋಗಿ, ಮೊಂಬತ್ತಿಯ ಬೆಳಕಿನಲ್ಲಿ ಬೆಕೆಟ್‌ನ 'ಗೋಡೋ' ನಾಟಕ ಆಡಿಸಿದರು. ಎಂದೂ ಬಾರದವನಿಗಾಗಿ ಕಾಯುವ ಇಬ್ಬರ ಕಥೆಯದು. ನೆರವಿಗಾಗಿ ಕಾದು ಸೋತಿದ್ದ ಆ ಜನರಿಗೆ ಬೇರೆ ವಿವರಣೆ ಬೇಕಿರಲಿಲ್ಲ.

ಆ ನಾಟಕಕ್ಕೆ ನೆರವಾದ ಸರಾಯೆವೊದ ನಿರ್ದೇಶಕ ಹಾರಿಸ್ ಪಾಶೋವಿಚ್ ಅವರೇ ಮುಂದೆ ಈ ಕುರ್ಚಿಗಳ ಸಭೆಯನ್ನೂ ಏರ್ಪಡಿಸಿದರು. ಅವುಗಳಲ್ಲಿ 643 ಪುಟ್ಟ ಕುರ್ಚಿಗಳು, ಮಕ್ಕಳವು. ದಾರಿಯಲ್ಲಿ ಬಂದವರು ಅವುಗಳ ಮೇಲೆ ಗೊಂಬೆ, ಪುಸ್ತಕ, ಹೂ ಇಟ್ಟು ಹೋದರು. ಕಳೆದುಕೊಂಡ ತನ್ನ ಮಕ್ಕಳನ್ನು ಆ ದಿನ ಇಡೀ ನಗರವೇ ನಿಂತು ಎಣಿಸಿತು.