ಬಿಟ್ಟ ಮೆಟ್ಟಿಲಿನಿಂದಲೇ ಓದು-ಬರಹ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಿಗೆ ಗುಳೆ ಹೊಸದಲ್ಲ. ಮಳೆ ಕೈಕೊಟ್ಟರೆ ಕೂಲಿ ಅರಸಿ ಹೊರಡುವ ತಾಯ್ತಂದೆಯರ ಜತೆ ಮಕ್ಕಳೂ ಊರು ಬಿಡುತ್ತಾರೆ. ತಿಂಗಳುಗಳ ನಂತರ ಮರಳಿದ ಮಗುವಿಗೆ ಪಾಠ ಎಲ್ಲಿಂದ ಆರಂಭಿಸಬೇಕು? ಒಬ್ಬರೇ ಮೇಷ್ಟ್ರು ಎರಡು-ಮೂರು ತರಗತಿ ನೋಡಿಕೊಳ್ಳುವ ಶಾಲೆಯಲ್ಲಿ ಈ ಪ್ರಶ್ನೆ ಇನ್ನೂ ಕಠಿಣ. ಇದಕ್ಕೊಂದು ಉತ್ತರ ‘ನಲಿ-ಕಲಿ’ ಪದ್ಧತಿಯಲ್ಲಿದೆ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಇದು ಆರಂಭವಾಯಿತು. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗವೇ ಇದಕ್ಕೆ ಪ್ರೇರಣೆ. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗಳಿಗೆ, ಆ ಬಳಿಕ 3ನೇ ತರಗತಿಗೂ ವಿಸ್ತರಿಸಿತು.

ಏಣಿ, ಕಾರ್ಡು, ತಟ್ಟೆ

ಇಲ್ಲಿ ಪಾಠವೆಂದರೆ ಗೋಡೆಯ ಮೇಲಿನ ‘ಕಲಿಕಾ ಏಣಿ’. ಪ್ರತಿ ಮೆಟ್ಟಿಲಿಗೂ ಚಿತ್ರದ ಗುರುತಿರುವ ಕಾರ್ಡುಗಳು. ಓದು ಬಾರದ ಮಗುವೂ ಗುರುತು ನೋಡಿ ತನ್ನ ಕಾರ್ಡನ್ನು ತಾನೇ ಎತ್ತಿಕೊಳ್ಳುತ್ತದೆ. ಮಕ್ಕಳು ಕೂರುವ ಗುಂಪಿಗೆ ‘ತಟ್ಟೆ’ ಎಂದು ಹೆಸರು. ಹೊಸದನ್ನು ಕಲಿಯುವವರು ಶಿಕ್ಷಕರ ತಟ್ಟೆಯಲ್ಲಿ, ಅಭ್ಯಾಸ ಮಾಡುವವರು ಗೆಳೆಯರ ನೆರವಿನ ತಟ್ಟೆಯಲ್ಲಿ, ತಾವೇ ಓದಿ ಬರೆಯಬಲ್ಲವರು ಸ್ವಕಲಿಕೆಯ ತಟ್ಟೆಯಲ್ಲಿ.

ಅಕ್ಷರಗಳೂ ಅ, ಆ, ಇ, ಈ ಕ್ರಮದಲ್ಲಿ ಬರುವುದಿಲ್ಲ. ರ, ಗ, ಸ, ದ, ಅ ಮೊದಲು. ಐದೇ ಅಕ್ಷರ ಕಲಿತ ಮಗು ಸರ, ಅರಸ, ಅಗಸ, ಗರಗಸ ಎಂದು ಓದತೊಡಗುತ್ತದೆ. ಗೋಡೆಯ ಕೆಳಭಾಗದ ಕಪ್ಪು ಪಟ್ಟಿ ಅದರ ಬರವಣಿಗೆಗೆ ಮೀಸಲು. ಮೇಲೆ ಕಟ್ಟಿದ ದಾರದ ಚಪ್ಪರದಲ್ಲಿ ಅದು ಮಾಡಿದ ಚಿತ್ರ, ಬರಹ ತೂಗುತ್ತವೆ.

ಗುಳೆಯಿಂದ ಬಂದ ಮಗು ತಾನು ನಿಂತಿದ್ದ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಮರೆತಿದ್ದರೆ ಒಂದೆರಡು ಮೆಟ್ಟಿಲು ಇಳಿದರಾಯಿತು. ‘ದಡ್ಡ’ ಎಂಬ ಹಣೆಪಟ್ಟಿ ಬೇಕಿಲ್ಲ.

ಪಾಲಕರು ಏನು ಮಾಡಬೇಕು?

‘ಬರೀ ಆಟ, ಪಾಠವೇ ಇಲ್ಲ’ ಎಂಬ ದೂರು ಪಾಲಕರದು. ಅದರಲ್ಲಿ ಹುರುಳಿಲ್ಲವೆಂದಲ್ಲ. ಕಾರ್ಡು ಕಳೆದುಹೋಗಿದ್ದರೆ, ಶಿಕ್ಷಕರು ತಟ್ಟೆಯಿಂದ ತಟ್ಟೆಗೆ ಹೋಗಿ ನೋಡದಿದ್ದರೆ ಸ್ವಕಲಿಕೆ ಬರೀ ಕಾಲಹರಣವಾದೀತು. ಆದ್ದರಿಂದ ‘ಎಷ್ಟು ಅಂಕ ಬಂತು?’ ಎನ್ನುವ ಬದಲು ‘ಯಾವ ಮೆಟ್ಟಿಲಲ್ಲಿದ್ದೀಯ?’ ಎಂದು ಮಗುವನ್ನು ಕೇಳಿ. ತರಗತಿಯ ಪ್ರಗತಿನೋಟ ತೋರಿಸಲು ಶಿಕ್ಷಕರನ್ನು ವಿನಂತಿಸಿ. ಊರು ಬಿಡುವ ಮುನ್ನ ಮಗು ನಿಂತ ಮೆಟ್ಟಿಲನ್ನು ಬರೆಸಿಕೊಳ್ಳಿ.

ಮನೆಯಲ್ಲಿ ಹೈಸ್ಕೂಲು ಓದುವ ಅಣ್ಣ-ಅಕ್ಕಂದಿರಿಗೂ ಕೆಲಸವಿದೆ. ಬಸ್ಸಿನ ಬೋರ್ಡು, ಬೀಜದ ಚೀಲ, ಹಳೆಯ ಪತ್ರಿಕೆ ಯಾವುದಾದರೂ ಸರಿ, ದಿನಕ್ಕೆ ಹತ್ತು ನಿಮಿಷ ತಮ್ಮ-ತಂಗಿಯಿಂದ ಓದಿಸಿ. ತಪ್ಪಿದರೆ ಗದರಬೇಡಿ, ಇನ್ನೊಮ್ಮೆ ಓದಲು ಬಿಡಿ.