ಬೆಂಗಳೂರಿನ ತೆರೆದ ಸ್ಥಳಗಳ ಸಂರಕ್ಷಣೆ

ಬೆಂಗಳೂರಿನ ತೆರೆದ ಸ್ಥಳಗಳ ಸಂರಕ್ಷಣೆ ಎಂಬುದು ನಗರದ ಬೆಳವಣಿಗೆಯ ನಡುವೆ ಉದ್ಯಾನ, ಆಟದ ಮೈದಾನ, ಕೆರೆಯಂಗಳ, ಗೋಮಾಳ, ಗುಂಡುತೋಪು ಹಾಗೂ ಹೊರವಲಯದ ಕೃಷಿಭೂಮಿಯನ್ನು ಕಟ್ಟಡಗಳಿಂದ ಮುಕ್ತವಾಗಿ ಉಳಿಸಿಕೊಳ್ಳಲು ರೂಪುಗೊಂಡ ಕಾನೂನು, ಯೋಜನೆ ಮತ್ತು ನ್ಯಾಯಾಲಯದ ತೀರ್ಪುಗಳನ್ನು ಒಳಗೊಂಡ ವಿಷಯವಾಗಿದೆ. 1941ರಲ್ಲಿ ಸುಮಾರು 4 ಲಕ್ಷವಿದ್ದ ನಗರದ ಜನಸಂಖ್ಯೆಯು 2011ರ ಜನಗಣತಿಯ ವೇಳೆಗೆ 84 ಲಕ್ಷವನ್ನು ದಾಟಿತು. ಈ ಅವಧಿಯಲ್ಲಿ ನಿವೇಶನದ ಬೆಲೆ ಏರಿದಂತೆಲ್ಲ, ಕಟ್ಟಡವಿಲ್ಲದ ಜಾಗವನ್ನು ‘ಖಾಲಿ ಜಾಗ’ವೆಂದು ಕಾಣುವ ರೂಢಿಯೂ ಬಲವಾಯಿತು.

ಹಿನ್ನೆಲೆ

ನಗರದ ಎರಡು ಹಿರಿಯ ಉದ್ಯಾನಗಳು ಆಳುವವರ ಆಸಕ್ತಿಯಿಂದ ಹುಟ್ಟಿದವು. ಲಾಲ್‌ಬಾಗ್ ಹೈದರಾಲಿಯ ಕಾಲದಲ್ಲಿ ಆರಂಭವಾಯಿತು. ಕಬ್ಬನ್ ಉದ್ಯಾನವು 1870ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿಯವರ ಯೋಜನೆಯಂತೆ ರೂಪುಗೊಂಡಿತು. 1898ರ ಪ್ಲೇಗ್ ಹಾವಳಿಯ ನಂತರ ಬೆಳೆದ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳಲ್ಲಿ ಗಾಳಿ ಬೆಳಕುಗಳಿಗೆ ಅವಕಾಶವಿರುವ ಅಗಲವಾದ ರಸ್ತೆಗಳೂ ಉದ್ಯಾನಗಳೂ ಇದ್ದವು. ಇಕ್ಕಟ್ಟಾದ ಪೇಟೆಯಲ್ಲಿ ರೋಗ ಹಬ್ಬಿದ ಅನುಭವವೇ ಇದಕ್ಕೆ ಕಾರಣವಾಗಿತ್ತು.

ಕೆರೆಗಳ ಕಥೆ ಬೇರೆ. 1896ರಲ್ಲಿ ಹೆಸರಘಟ್ಟದಿಂದ ಕೊಳವೆಯ ಮೂಲಕ ನೀರು ಬಂದ ಮೇಲೆ ಊರಿನ ನಡುವಿನ ಕೆರೆಗಳು ಕುಡಿಯುವ ನೀರಿನ ಆಸರೆಯಾಗಿ ಉಳಿಯಲಿಲ್ಲ. ಅಗತ್ಯ ತಪ್ಪಿದೊಡನೆ ಕಾಳಜಿಯೂ ತಪ್ಪಿತು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕರಗದ ವಿಧಿಗಳಿಗೆಂದು ಚಿಕ್ಕದೊಂದು ಕೊಳ ಮಾತ್ರ ಅಲ್ಲಿ ಉಳಿದಿದೆ. ಸರ್ಕಾರ, ಸಾರಿಗೆ, ಕ್ರೀಡೆ ಎಲ್ಲವೂ ಸಾರ್ವಜನಿಕ ಉದ್ದೇಶಗಳೇ ಆಗಿದ್ದುದರಿಂದ ಆ ಕಾಲದಲ್ಲಿ ಇದು ನಷ್ಟವೆಂದು ಹೆಚ್ಚಿನವರಿಗೆ ತೋರಲಿಲ್ಲ. ಎನ್. ಲಕ್ಷ್ಮಣರಾವ್ ಅವರ ಅಧ್ಯಕ್ಷತೆಯ ಸಮಿತಿಯು 1980ರ ದಶಕದ ನಡುವಿನಲ್ಲಿ ಉಳಿದ ಕೆರೆಗಳ ಸಂರಕ್ಷಣೆಗೆ ಶಿಫಾರಸು ಮಾಡಿತು.

ಕಾನೂನುಗಳು

ಭೂಬಳಕೆಯ ನಿಯಂತ್ರಣಕ್ಕೆ ಆಧಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಯಾವ ಜಾಗ ವಾಸಕ್ಕೆ, ಯಾವುದು ಕೈಗಾರಿಕೆಗೆ, ಯಾವುದು ಉದ್ಯಾನಕ್ಕೆ ಎಂಬುದನ್ನು ಈ ಕಾಯ್ದೆಯಡಿ ಸಿದ್ಧವಾಗುವ ಮಹಾಯೋಜನೆ ನಿಗದಿಪಡಿಸುತ್ತದೆ. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯ ಪ್ರಕಾರ ಪ್ರಾಧಿಕಾರದ ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಕನಿಷ್ಠ ಶೇ. 15ನ್ನು ಉದ್ಯಾನ ಮತ್ತು ಆಟದ ಮೈದಾನಗಳಿಗೆ, ಇದಲ್ಲದೆ ಕನಿಷ್ಠ ಶೇ. 10ನ್ನು ನಾಗರಿಕ ಸೌಲಭ್ಯಗಳಿಗೆ ಮೀಸಲಿಡಬೇಕು. ಕಬ್ಬನ್ ಉದ್ಯಾನ ಹಾಗೂ ಲಾಲ್‌ಬಾಗ್‌ಗಳಿಗೆ 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಇತರ ಉದ್ಯಾನ, ಮೈದಾನಗಳಿಗಾಗಿ 1985ರಲ್ಲಿ ಪ್ರತ್ಯೇಕ ಕಾಯ್ದೆ ಬಂದಿತು.

ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣ

ಈ ವಿಷಯದಲ್ಲಿ ದೇಶದಾದ್ಯಂತ ಉಲ್ಲೇಖಗೊಳ್ಳುವ ತೀರ್ಪು ಬೆಂಗಳೂರಿನ ಒಂದು ಉದ್ಯಾನಕ್ಕೆ ಸಂಬಂಧಿಸಿದುದು. ರಾಜಮಹಲ್ ವಿಲಾಸ್ ಬಡಾವಣೆಯ ಯೋಜನೆಯಲ್ಲಿ ಉದ್ಯಾನಕ್ಕೆಂದು ಗುರುತಿಸಿದ್ದ ಜಾಗವನ್ನು ಆಸ್ಪತ್ರೆ ಕಟ್ಟಲು ಖಾಸಗಿ ಟ್ರಸ್ಟ್ ಒಂದಕ್ಕೆ ಹಂಚಿಕೆ ಮಾಡಲಾಯಿತು. ನಿವಾಸಿಗಳು ಹೈಕೋರ್ಟಿನ ಮೊರೆಹೋದರು. ಏಕಸದಸ್ಯ ಪೀಠದಲ್ಲಿ ಅವರು ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟಿನ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ 1991ರ ಜುಲೈನಲ್ಲಿ ವಜಾಗೊಳಿಸಿತು.

ಆಸ್ಪತ್ರೆಯೂ ಜನಹಿತವೇ ಅಲ್ಲವೇ ಎಂಬುದು ಇಲ್ಲಿನ ನಿಜವಾದ ತೊಡಕು. ಒಂದು ಜನಹಿತದ ಹೆಸರಿನಲ್ಲಿ ಇನ್ನೊಂದನ್ನು ಅಳಿಸಲಾಗದು, ಯೋಜನೆಯಲ್ಲಿ ಉದ್ಯಾನಕ್ಕೆ ಮೀಸಲಾದ ಜಾಗವನ್ನು ಖಾಸಗಿಯವರಿಗೆ ಕೊಡುವ ಅಧಿಕಾರ ಸರ್ಕಾರಕ್ಕಾಗಲಿ ಪ್ರಾಧಿಕಾರಕ್ಕಾಗಲಿ ಇಲ್ಲ ಎಂಬುದು ನ್ಯಾಯಾಲಯದ ನಿಲುವು. ಆ ಬಡಾವಣೆಯ ಸಾಮಾನ್ಯ ನಿವಾಸಿಗೂ ಇದನ್ನು ಪ್ರಶ್ನಿಸುವ ಹಕ್ಕಿದೆ ಎಂದು ತೀರ್ಪು ಒಪ್ಪಿಕೊಂಡಿತು. ಅನಂತರದ ಅನೇಕ ಉದ್ಯಾನ ವ್ಯಾಜ್ಯಗಳಿಗೆ ಬಲ ಕೊಟ್ಟ ಅಂಶ ಇದೇ ಆಗಿದೆ.

ಹಸಿರು ವಲಯ ಮತ್ತು ಗೋಮಾಳ

1938ರಲ್ಲಿ ಲಂಡನ್ ನಗರದ ಸುತ್ತ ಕಾನೂನಿನ ಮೂಲಕ ಹಸಿರು ವಲಯವೊಂದನ್ನು ಕಾಯ್ದಿರಿಸುವ ಪ್ರಯತ್ನ ನಡೆಯಿತು. ಬೆಂಗಳೂರಿನ 1984ರ ಸಮಗ್ರ ಅಭಿವೃದ್ಧಿ ಯೋಜನೆಯಲ್ಲಿಯೂ ಕಟ್ಟಡಗಳಿಗೆ ಮೀಸಲಾದ ಪ್ರದೇಶದ ಸುತ್ತ ಇಂಥ ವಲಯವಿತ್ತು. ಕೃಷಿ, ತೋಟಗಾರಿಕೆ ಹಾಗೂ ಕೆಲವೇ ಇತರ ಉಪಯೋಗಗಳಿಗೆ ಅಲ್ಲಿ ಅನುಮತಿಯಿತ್ತು. 1995ರ ಪರಿಷ್ಕರಣೆಯಲ್ಲಿ ಮತ್ತು 2007ರಲ್ಲಿ ಅನುಮೋದನೆಗೊಂಡ ಮಹಾಯೋಜನೆಯಲ್ಲಿ ನಗರದ ಗೆರೆ ಹೊರಕ್ಕೆ ಸರಿಯಿತು, ಹಸಿರು ವಲಯ ಕಿರಿದಾಯಿತು. ಗೆರೆ ಮತ್ತೆ ಸರಿಯುವುದೆಂಬ ನಿರೀಕ್ಷೆಯಿಂದಲೇ ವಲಯದೊಳಗೆ ಅನುಮೋದನೆಯಿಲ್ಲದ ‘ರೆವಿನ್ಯೂ ಬಡಾವಣೆ’ಗಳು ಎದ್ದವು, ಅವುಗಳಲ್ಲಿ ಅನೇಕವಕ್ಕೆ ಉದ್ಯಾನವೇ ಇಲ್ಲ. ರೈತನ ಕಷ್ಟವನ್ನೂ ಇಲ್ಲಿ ಮರೆಯುವಂತಿಲ್ಲ. ಗೆರೆಯ ಒಳಗಿನ ನೆರೆಯವನಿಗೆ ದೊರೆಯುವ ಬೆಲೆ ಗೆರೆಯ ಹೊರಗಿನವನಿಗೆ ದೊರೆಯದು, ಆ ನಷ್ಟಕ್ಕೆ ಪರಿಹಾರವೂ ಇಲ್ಲ.

ಗೋಮಾಳದ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಭೂಕಂದಾಯ ನಿಯಮಗಳು ಪ್ರತಿ 100 ಜಾನುವಾರುಗಳಿಗೆ 30 ಎಕರೆ ಗೋಮಾಳವನ್ನು ಕಾಯ್ದಿರಿಸಬೇಕೆನ್ನುತ್ತವೆ. ಹಳ್ಳಿಯು ನಗರವಾಗುತ್ತಿದ್ದಂತೆ ದನಕರುಗಳ ಸಂಖ್ಯೆ ಇಳಿಯುತ್ತದೆ, ಲೆಕ್ಕದ ಪ್ರಕಾರ ಗೋಮಾಳ ‘ಹೆಚ್ಚುವರಿ’ಯಾಗುತ್ತದೆ, ಬೇರೆ ಉದ್ದೇಶಗಳಿಗೆ ಮಂಜೂರಾಗುತ್ತದೆ. ಹೊಸದಾಗಿ ಬಂದು ನೆಲೆಸಿದ ಮನುಷ್ಯರಿಗೆ ಎಷ್ಟು ಬಯಲು ಬೇಕೆಂಬುದು ಈ ಲೆಕ್ಕದಲ್ಲಿ ಸೇರಿಲ್ಲ.

ಕೆರೆ ಮತ್ತು ರಾಜಕಾಲುವೆಗಳ ಅಂಚು

2007ರ ಮಹಾಯೋಜನೆಯು ಕೆರೆಯ ಅಂಚಿನಿಂದ 30 ಮೀಟರ್‌ವರೆಗೆ ಕಟ್ಟಡ ನಿಷೇಧಿಸಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಮೇ ತಿಂಗಳಲ್ಲಿ ಇದನ್ನು 75 ಮೀಟರಿಗೆ ಹೆಚ್ಚಿಸಿತು. ಮಹಾಯೋಜನೆಯನ್ನು ಬದಲಿಸುವ ಅಧಿಕಾರ ಮಂಡಳಿಗಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಆ ಆದೇಶವನ್ನು ರದ್ದುಗೊಳಿಸಿದ್ದರಿಂದ ಮಹಾಯೋಜನೆಯ ಹಳೆಯ ಅಳತೆಯೇ ಮತ್ತೆ ಜಾರಿಗೆ ಬಂದಿತು.